ಮದುವೆಯ ಹಿಂದಿನ ದಿನ ನೆರೂಳಿಗೆ ಹೋದ ಅನಸೂಯಾಳ ವಿಚಾರ

ಹೆಸರು: ಜಲಜಾಕ್ಷಿ ಸರ್ವೋತ್ತಮ ಶೆಟ್ಟಿ. ವಯಸ್ಸು: ನಲವತ್ತೇಳು. ಉದ್ಯೋಗ: ಮನೆಯಲ್ಲೇ ರವಿಕೆ ಹೊಲಿಯುವುದು, ಸೀರೆಗೆ ಫಾಲ್ ಹಚ್ಚುವುದು. ಸ್ವಂತ ಊರು: ಉಡುಪಿ ಜಿಲ್ಲೆ, ಶಿರ್ವದ ಹತ್ತಿರ. ಈಗಿನ ವಾಸ: ಡೊಂಬಿವಲಿ ಪೂರ್ವ, ಹಳೆಯ ಚಾಳಿನ ಎದುರಿನ ಕಟ್ಟಡ, ಕೆಳ ಅಂತಸ್ತಿನ ಎರಡನೇ ಮನೆ.

ಪೊಲೀಸ್ ಚೌಕಿಗೆ ಕರೆಸಿ ವಿಚಾರಿಸಿದ್ದರಿಂದ ನಾನು ಕಂಡದ್ದನ್ನೂ ಕೇಳಿದ್ದನ್ನೂ ಈ ಮೂಲಕ ಹೇಳಿ ಬರೆಸುತ್ತಿರುವುದೇನೆಂದರೆ:

ನನಗೆ ಮರಾಠಿ ಮಾತನಾಡಲು ಬರುತ್ತದೆ, ಬೋರ್ಡು ಓದಲೂ ಬರುತ್ತದೆ. ಆದರೆ ನಾಲ್ಕು ಪುಟ ಮರಾಠಿ ಬರೆದು ಕೆಳಗೆ ಸಹಿ ಮಾಡು ಎಂದರೆ ನಾನು ಮಾಡುವವಳಲ್ಲ. ಆದ್ದರಿಂದ ಅಕ್ಕಲಕೋಟೆ ಕಡೆಯ ಕನ್ನಡ ಬಲ್ಲ ಹವಾಲ್ದಾರರು ಇದನ್ನು ಕನ್ನಡದಲ್ಲಿಯೇ ಬರೆದುಕೊಳ್ಳುತ್ತಿದ್ದಾರೆ. ಯಾರು ಏನೆಂದರೆಂಬುದನ್ನು ಸಾರಾಂಶ ಮಾಡಿ ಹೇಳಿದರೆ ಸಾಕೆಂದು ಅವರ ಅಭಿಪ್ರಾಯ. ಸಾರಾಂಶ ಮಾಡಿದರೆ ಬೇರೆಯವರ ಬಾಯಲ್ಲಿ ನನ್ನ ಮಾತು ಬಂದು ಕೂರುತ್ತದೆ. ಹಾಗಾಗಿ ಮುಖ್ಯವಾದ ಮಾತುಗಳನ್ನು ಆಡಿದ ಹಾಗೆಯೇ ಬರೆಯಬೇಕೆಂದು ಕೇಳಿಕೊಂಡಿದ್ದೇನೆ. ಅವರು ಒಪ್ಪಿದ್ದಾರೆ, ಸಂತೋಷದಿಂದಲ್ಲ.

ಎದುರಿನ ಚಾಳಿನಲ್ಲಿರುವ ಚಂದವ್ವ ಎಂಬವಳು ಈ ದಿನ ಬೆಳಿಗ್ಗೆ ಚೌಕಿಗೆ ಬಂದು, ತನ್ನ ಮಗಳು ಅನಸೂಯಾ, ವಯಸ್ಸು ಹದಿನೆಂಟು, ಕಾಣೆಯಾಗಿದ್ದಾಳೆ, ನಾಳೆ ಭಾನುವಾರ ಅವಳ ಮದುವೆ, ಅವಳ ತಲೆ ಕೆಡಿಸಿ ಬಚ್ಚಿಟ್ಟವಳು ಬ್ಲೌಸಿನ ಶೆಟ್ಟಿ ಬಾಯಿ ಎಂದು ದೂರು ಕೊಟ್ಟಿದ್ದಾಳೆ. ಬ್ಲೌಸಿನ ಶೆಟ್ಟಿ ಬಾಯಿ ಎಂದರೆ ನಾನು. ಅನಸೂಯಾ ನೆರೂಳಿನಲ್ಲಿ ಕ್ಷೇಮವಾಗಿದ್ದಾಳೆ. ಅವಳಿಗೆ ವಿಳಾಸ ಕೊಟ್ಟದ್ದು ನಾನು, ರೈಲು ಹತ್ತಿಸಿದ್ದು ಮದುಮಗ. ನನ್ನೊಬ್ಬಳನ್ನೇ ಕರೆಸಿದ್ದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗಾಯಿತು.

ಚಂದವ್ವ ವಿಜಾಪುರ ಜಿಲ್ಲೆಯ ಇಂಡಿ ಕಡೆಯವಳು, ವಿಧವೆ. ನಮ್ಮ ಕಟ್ಟಡದ ನಾಲ್ಕು ಮನೆಗಳಲ್ಲಿ ಪಾತ್ರೆ ತಿಕ್ಕುತ್ತಾಳೆ. ಮಗಳೊಂದಿಗೆ ತನ್ನ ತಮ್ಮ ಚಂದ್ರಾಮನ ಒಂದೇ ಕೋಣೆಯ ಖೋಲಿಯಲ್ಲಿದ್ದಾಳೆ. ಚಂದ್ರಾಮನಿಗೆ ಮೂವತ್ತು ದಾಟಿದೆ, ತುರ್ಭೆ ಮಾರ್ಕೆಟ್ಟಿನಲ್ಲಿ ಮೂಟೆ ಹೊರುತ್ತಾನೆ, ಮಾತು ಕಡಿಮೆ. ಅನಸೂಯಾ ಎರಡು ವರ್ಷದಿಂದ ದಿನವೂ ಕಾಲೇಜು ಬಿಟ್ಟ ಮೇಲೆ ಬಂದು ನನ್ನ ಹತ್ತಿರ ಫಾಲ್ ಹಚ್ಚುತ್ತಿದ್ದಳು. ಕೈ ಚುರುಕು. ಬಾಯಿ ಅದಕ್ಕಿಂತ ಚುರುಕು.

ಮದುಮಗ ಯಾರೆಂದರೆ ಇದೇ ಚಂದ್ರಾಮ, ಅಂದರೆ ಹುಡುಗಿಯ ಸೋದರಮಾವ. ಅವರ ಕಡೆ ಅಕ್ಕನ ಮಗಳ ಮೇಲೆ ತಮ್ಮನಿಗೇ ಮೊದಲ ಹಕ್ಕು. ನಮ್ಮ ಕಡೆ ಮಾವ ತಂದೆಗೆ ಸಮಾನ, ಇಂಥ ಸಂಬಂಧ ಬಾಯಲ್ಲಿ ಆಡುವುದೂ ಇಲ್ಲ. ಆದ್ದರಿಂದ ನನಗೆ ಬಹಳ ಕುತೂಹಲವಾಯಿತು. ಊರ ಉಸಾಬರಿ ನಿನಗೇಕೆ ಎಂದು ನಮ್ಮ ಯಜಮಾನರು ಮದುವೆಯಾದಂದಿನಿಂದ ಹೇಳುತ್ತಿದ್ದಾರೆ. ನಾನು ಕೇಳದೆ ಇರಲಾರೆ. ಏಪ್ರಿಲ್ ಕೊನೆಯಲ್ಲಿ ಚಂದವ್ವನನ್ನು ಕೇಳಿಯೇಬಿಟ್ಟೆ: ಹೊರಗಿನ ಗಂಡಾದರೆ ಕುಡಿತ ಉಂಟಾ, ಚಟ ಉಂಟಾ, ಕಾಯಿಲೆ ಉಂಟಾ ಎಂದು ಹತ್ತು ಕಡೆ ವಿಚಾರಿಸುತ್ತಾರೆ, ನೀನು ಏನು ವಿಚಾರಿಸಿದೆ? ಅವಳು ನಕ್ಕಳು.

"ನನ್ನ ತಮ್ಮನ್ನ ನಾ ಏನ್ ಕೇಳ್ಲಿ ಅಕ್ಕಾರ? ಎತ್ತಿ ಆಡಿಸಿದ ಕೈ ಇವು."

ಮೇ ಐದನೇ ತಾರೀಖು ಮಂಗಳವಾರ ನಾನು ಲೇಸು, ದಾರ ತರಲು ರೈಲಿನಲ್ಲಿ ಠಾಣೆ ಪೇಟೆಗೆ ಹೊರಟಿದ್ದೆ. ಸಮಯ ಎಷ್ಟೆಂದು ಹವಾಲ್ದಾರರು ಮೂರು ಸಲ ಕೇಳಿದರು. ನಾನು ಗಡಿಯಾರ ಕಟ್ಟುವುದಿಲ್ಲ. ಲೇಡೀಸ್ ಡಬ್ಬಿಯಲ್ಲಿ ನಿಲ್ಲಲು ಜಾಗವಿತ್ತು, ಎಂದರೆ ಆಫೀಸಿನವರ ಗದ್ದಲ ಮುಗಿದ ಮೇಲೆ ಎಂದು ಬರೆದುಕೊಳ್ಳಿ ಎಂದೆ. ಠಾಣೆಯಲ್ಲಿ ಇಳಿದಾಗ ಮುಂದೆ ಚಂದ್ರಾಮ ಹೋಗುತ್ತಿದ್ದ. ತುರ್ಭೆಗೆ ಹೋಗುವವನು ಅಲ್ಲಿಯೇ ಪ್ಲಾಟ್‌ಫಾರಂ ಬದಲಿಸಿ ವಾಶಿ ಗಾಡಿ ಹಿಡಿಯಬೇಕು. ಇವನು ಸ್ಟೇಷನ್ನಿನಿಂದಲೇ ಹೊರಗೆ ನಡೆದ. ಮೈಮೇಲೆ ಇಸ್ತ್ರಿ ಮಾಡಿದ ಅಂಗಿ. ಮೂಟೆ ಹೊರುವವನಿಗೆ ಮಂಗಳವಾರ ಇಸ್ತ್ರಿ ಅಂಗಿ ಏಕೆ? ಲೇಸು ಎಲ್ಲಿಯೂ ಓಡಿಹೋಗುವುದಿಲ್ಲವೆಂದು ನಾನು ಅವನ ಹಿಂದೆ ಹೋದೆ.

ಅವನು ಒಂದು ಸರ್ಕಾರಿ ಆಸ್ಪತ್ರೆಯೊಳಗೆ ಹೋದ. ಹಿಂದಿನ ಕಟ್ಟಡದ ಉದ್ದ ಬೆಂಚಿನಲ್ಲಿ ಕುಳಿತ. ಗೋಡೆಯ ಮೇಲೆ ಕೆಂಪು ರಿಬ್ಬನ್ನಿನ ಚಿತ್ರ, ಕೆಳಗೆ ಮರಾಠಿಯಲ್ಲಿ ಎಚ್‌ಐವಿ, ಏಡ್ಸ್ ಎಂದು ದೊಡ್ಡ ಅಕ್ಷರ. ಬೆಂಚಿನಲ್ಲಿ ಗಂಡಸರಿಗಿಂತ ಹೆಂಗಸರೇ ಹೆಚ್ಚು. ಕೆಲವರ ಮಡಿಲಲ್ಲಿ ಮಕ್ಕಳು. ಅಂಥ ಹೆಂಗಸರು ಹೇಗಿರುತ್ತಾರೆಂದು ನಾನು ಅಂದುಕೊಂಡಿದ್ದೆನೋ ಹಾಗೆ ಒಬ್ಬಳೂ ಇರಲಿಲ್ಲ. ನಮ್ಮ ಎದುರಿನ ಚಾಳಿನ ನಲ್ಲಿಯ ಸಾಲನ್ನೇ ತಂದು ಕೂರಿಸಿದ ಹಾಗಿತ್ತು. ನಾನು ಬಾಯಿ ತೆರೆದು ನೋಡುತ್ತ ನಿಂತಿದ್ದಾಗ ಚಂದ್ರಾಮ ನನ್ನನ್ನು ಕಂಡ. ಬೈಯುತ್ತಾನೆಂದುಕೊಂಡೆ. ಅವನು ಪಕ್ಕಕ್ಕೆ ಸರಿದು ಮೆಲ್ಲಗೆ ಕೇಳಿದ:

"ಅಕ್ಕಾರ, ನೀವೂ ಇಲ್ಲೇ ಬರ್ತೀರೇನ್ರೀ? ಎಷ್ಟ ವರ್ಷ ಆತ್ರೀ?"

ಹೌದೆಂದೂ ಹೇಳಲಿಲ್ಲ, ಅಲ್ಲವೆಂದೂ ಹೇಳಲಿಲ್ಲ, ಕುಳಿತೆ. ಅವನು ನಿಟ್ಟುಸಿರು ಬಿಟ್ಟು ಹೇಳಿದ:

"ನಮ್ಮ ಓಣ್ಯಾಗ ನಾ ಒಬ್ಬಾಂವನ ಅಂತ ತಿಳಕೊಂಡಿದ್ದೆ. ನೀವರ ಅದೀರಲ್ಲ. ಜೀವಕ್ಕ ಸಮಾಧಾನ ಆತು."

ಎರಡು ವರ್ಷ ಎದುರು ಬದುರು ಇದ್ದು ನಾಲ್ಕು ಮಾತಾಡದ ಮನುಷ್ಯ ಅಷ್ಟೂ ಹೇಳಿಕೊಂಡ. ರೋಗ ಗೊತ್ತಾಗಿ ಮೂರು ವರ್ಷವಾಗಿದೆ. ಹೆಂಡತಿ ಮಕ್ಕಳನ್ನು ಊರಲ್ಲಿ ಬಿಟ್ಟು ಬಂದ ಹಮಾಲರು ಪಗಾರದ ದಿನ ಎಲ್ಲಿ ಹೋಗುತ್ತಿದ್ದರೋ ಅಲ್ಲಿಗೆ ಇವನೂ ಹೋಗಿದ್ದ. ಈಗ ದಿನವೂ ಗುಳಿಗೆ ತಪ್ಪಿಸುವುದಿಲ್ಲ, ಮೂಟೆ ಹೊರುವಷ್ಟು ಶಕ್ತಿಯಿದೆ. ಅಲ್ಲಿನ ಸಮಾಲೋಚಕಿ ಮಾನಸಿ ಮೇಡಂ, ಮದುವೆಯಾಗುವುದಾದರೆ ಹುಡುಗಿಗೆ ತಿಳಿಸಿ, ಅವಳು ಮನಸಾರೆ ಒಪ್ಪಿದರೆ ಮಾತ್ರ ಆಗು, ಆದ ಮೇಲೂ ನಿರೋಧ ಬಿಡಬೇಡ ಎಂದಿದ್ದಾರಂತೆ. ಊರ ಹಿರಿಯರು ಮುಂದಿನ ವರ್ಷ ತೊಟ್ಟಿಲು ತೂಗಬೇಕೆನ್ನುತ್ತಿದ್ದಾರೆ, ಅವರಿಗೆ ಏನು ಹೇಳಲಿ ಎಂದು ನನ್ನನ್ನು ಕೇಳಿದ. ಆಗ ನನಗೆ ತಡೆಯಲಾಗಲಿಲ್ಲ.

"ನಾನು ಲೇಸು ತಕೊಳ್ಳಿಕ್ಕೆ ಬಂದದ್ದು ಮಾರಾಯ. ನಿನ್ನನ್ನು ಕಂಡು ಹಿಂದೆ ಬಂದೆ, ಅಷ್ಟೆ" ಎಂದೆ.

ಅವನ ಮುಖ ನೋಡಲಾಗಲಿಲ್ಲ. ನನಗೆ ನಾಚಿಕೆಯಾಯಿತು. ಆದರೂ ಕೇಳಿದೆ: "ಅನಸೂಯಾಳಿಗೆ ಗೊತ್ತುಂಟಾ?"

"ಅಕ್ಕಗ ಗೊತ್ತೈತ್ರಿ" ಎಂದ. ನಾನು ಕೇಳಿದ್ದು ಹುಡುಗಿಯ ವಿಷಯ, ಅವನು ಉತ್ತರ ಹೇಳಿದ್ದು ಅಕ್ಕನ ವಿಷಯ.

ಅವನು ಒಳಗೆ ಹೋಗಿ ಬಂದ ಮೇಲೆ ನಾನು ಮಾನಸಿ ಮೇಡಂ ಹತ್ತಿರ ಹೋದೆ. ಚಂದ್ರಾಮನ ಬಗ್ಗೆ ಅವರು ಒಂದಕ್ಷರವೂ ಹೇಳಲಿಲ್ಲ. ಬೇರೆಯದೆಲ್ಲ ಕೇಳಿದೆ. ಒಂದೇ ತಟ್ಟೆಯಲ್ಲಿ ಉಂಡರೆ ಬರುತ್ತದೆಯೇ, ಹೊಲಿಗೆ ಯಂತ್ರದ ಸೂಜಿ ಇಬ್ಬರ ಬೆರಳಿಗೂ ಚುಚ್ಚಿದರೆ, ಸೊಳ್ಳೆ ಕಚ್ಚಿದರೆ, ಗಂಡನಿಗಿದ್ದು ಹೆಂಡತಿಗೆ ಇಲ್ಲದೆ ಇರುತ್ತದೆಯೇ. ತಟ್ಟೆಯಿಂದ ಇಲ್ಲ, ಸೊಳ್ಳೆಯಿಂದ ಇಲ್ಲ, ಗಂಡನಿಗಿದ್ದರೂ ಹೆಂಡತಿಯನ್ನು ಕಾಪಾಡಬಹುದು ಎಂದರು. ಇಲ್ಲಿನ ಬೆಂಚಿನ ಹೆಚ್ಚಿನ ಹೆಂಗಸರಿಗೆ ಇದು ಗಂಡಂದಿರಿಂದಲೇ ಬಂದದ್ದು, ಗಂಡನಲ್ಲದೆ ಬೇರೆಯವರ ಮುಖ ನೋಡದವರು ಎಂದೂ ಹೇಳಿದರು. ಹಾಗಾದರೆ ಅವರು ಏಕೆ ಗಂಡನನ್ನು ಮೊದಲೇ ಕೇಳಲಿಲ್ಲ ಎಂದೆ. ಕೇಳಿ ಉತ್ತರ ಬೇರೆಯಾದರೆ ಎಲ್ಲಿಗೆ ಹೋಗುತ್ತಾರೆ ಮಾವಶಿ ಎಂದು ಅವರು ನನ್ನನ್ನೇ ಕೇಳಿದರು. ಅಷ್ಟರಲ್ಲಿ ಹಿಂದಿನ ಸಾಲಿನವರು ಗಲಾಟೆ ಮಾಡಿದರು. ಎದ್ದು ಬಂದೆ. ಆ ದಿನ ಲೇಸು ತರಲಿಲ್ಲ.

ಗುರುವಾರ ಚಂದವ್ವ ಧಾರೆ ಸೀರೆಗೆ ಫಾಲ್ ಹಚ್ಚಿಸಲು ತಂದಳು. ಬಾಗಿಲು ಹಾಕಿ, ತಮ್ಮನ ವಿಷಯ ನನಗೆ ಗೊತ್ತು, ಹೆತ್ತ ಮಗಳಿಗೆ ಹೇಳದೆ ಹೇಗೆ ಕೊಡುತ್ತೀ ಎಂದು ಕೇಳಿದೆ. ಅವಳು ಹೆದರುತ್ತಾಳೆಂದು ಭಾವಿಸಿದ್ದೆ. ಹೆದರಲಿಲ್ಲ.

"ಗುಳಿಗಿ ತಗೊಂಡ್ರ ಮನಷ್ಯಾ ಬದಕ್ತಾನ್ರಿ. ಹೊರಗಿನ ಹೆಣ್ಣ ತಂದ್ರ ಆಕಿ ನಾಳಿಗೇ ನಮ್ಮಿಬ್ಬರನ್ನೂ ಖೋಲಿಯಿಂದ ಹೊರಗ ಹಾಕ್ತಾಳ. ನೀವು ಬಾಯಿ ಬಿಟ್ರ ನಮ್ಮ ಬಾಯಾಗ ಮಣ್ಣ ಬೀಳ್ತೈತಿ ಅಕ್ಕಾರ."

ಮಾತು ನನ್ನ ಹೊಟ್ಟೆಯಲ್ಲಿ ನಿಲ್ಲುವುದಿಲ್ಲವೆಂದು ಕಟ್ಟಡಕ್ಕೆಲ್ಲ ಗೊತ್ತು. ಆದರೂ ಇದನ್ನು ಇಟ್ಟುಕೊಂಡೆ. ಮರುದಿನ ಡೊಂಬಿವಲಿ ಸ್ಟೇಷನ್ನಿನ ಸೇತುವೆಯ ಮೇಲೆ ಚಂದ್ರಾಮನನ್ನು ಕಾದು ನಿಂತು, ನೀನೇ ಹೇಳು, ಇಲ್ಲವೇ ಬೇಡವೆನ್ನು ಎಂದೆ. ಅಕ್ಕನ ಮಗಳನ್ನು ಒಲ್ಲೆನೆಂದರೆ ಹಿರಿಯರು ಏನು ಐಬು ಎಂದು ಕೇಳುತ್ತಾರೆ, ಆ ಐಬನ್ನೇ ಬಾಯಿ ಬಿಟ್ಟು ಹೇಳಬೇಕಾಗುತ್ತದೆ ಎಂದು ಅವನು ತಲೆ ತಗ್ಗಿಸಿದ. ಕ್ವಿಂಟಾಲ್ ಮೂಟೆ ಹೊರುವ ಹೆಗಲು, ಒಂದು ಮಾತು ಹೊರಲು ಆಗಲಿಲ್ಲ. ನನಗೆ ಸಿಟ್ಟೂ ಬಂತು, ಪಾಪವೆಂದೂ ಅನಿಸಿತು.

ಹದಿಮೂರನೇ ತಾರೀಖು ಬುಧವಾರ ಅನಸೂಯಾ ಮದುವೆಯ ರವಿಕೆಯ ಅಳತೆ ನೋಡಲು ಬಂದಳು. ಕನ್ನಡಿಯ ಮುಂದೆ ನಿಂತು ರವಿಕೆಯ ಕೊಕ್ಕೆ ಹಾಕಿದಳು, ಮತ್ತೆ ತೆಗೆದಳು. ಆಮೇಲೆ ಹೇಳಿದಳು:

"ಆಂಟಿ, ಮಾಮಾ ಹೈ ವೋ. ನನ್ನ ಸ್ಕೂಲಿಗೆ ಬಿಡಾಕ ಬರ್ತಿದ್ದ. ನವರಾ ಕೈಸೆ ಬನೇಗಾ? ಬಾರಾವಿ ಹೋಊನ್ ಜಾವೂ ದೇ ಅಂದೆ, ಅವ್ವ ಕೇಳಲಿಲ್ಲ."

ಮಾವ ಗಂಡನಾಗುವುದು ಹೇಗೆ, ಹನ್ನೆರಡನೇ ತರಗತಿಯಾದರೂ ಮುಗಿಯಲಿ ಎಂಬುದು ಅವಳ ಮಾತು. ಜೊತೆಗೆ, ಮಾಮಾ ಹಿಟ್ಟಿನ ಡಬ್ಬಿಯ ಹಿಂದೆ ಗುಳಿಗೆ ಇಡುತ್ತಾನೆ, ತಿಂಗಳಿಗೆ ಒಂದು ದಿನ ಕೆಲಸಕ್ಕೆ ಹೋಗದೆ ಎಲ್ಲಿಗೋ ಹೋಗುತ್ತಾನೆ, ಅವನಿಗೆ ಏನಾಗಿದೆ ಎಂದು ಕೇಳಿದಳು. ಅವಳಿಗೆ ನನ್ನದೇ ಬುದ್ಧಿ, ನೋಡಿದ್ದನ್ನು ಬಿಡುವವಳಲ್ಲ. ನಾನು ಹೇಳಿದ ಮಾತು ಇಷ್ಟು:

"ಅದನ್ನು ನನ್ನ ಹತ್ರ ಕೇಳ್ಬೇಡ. ಹೇಳ್ಬೇಕಾದವ ಅವ. ಅವನ ಹತ್ರವೇ ಕೇಳು. ಆದರೆ ಕೇಳದೆ ಮಾತ್ರ ಕುತ್ತಿಗೆ ಒಡ್ಡಬೇಡ."

ಅವಳು ಹೋಗುವಾಗ, ಕೇಳಿದ ಮೇಲೆ ಮನೆಯಲ್ಲಿ ಇರಲಾಗದಿದ್ದರೆ ಇರಲಿ ಎಂದು ಒಂದು ವಿಳಾಸ ಕೊಟ್ಟೆ. ನೆರೂಳಿನ ರಮಾಮಣಿ, ಬ್ಯಾಂಕಿನಿಂದ ನಿವೃತ್ತರಾದವರು, ಕನ್ನಡ ಸಂಘದಲ್ಲಿ ನನಗೆ ಪರಿಚಯ. ತಮ್ಮ ಮನೆಯಲ್ಲಿ ಕಾಲೇಜು ಹುಡುಗಿಯರನ್ನು ಬಾಡಿಗೆಗೆ ಇರಿಸಿಕೊಳ್ಳುತ್ತಾರೆ. ಇದನ್ನು ತಲೆ ಕೆಡಿಸುವುದು ಎನ್ನುವುದಾದರೆ ತಲೆ ಕೆಡಿಸಿದ್ದು ನಿಜ.

ಇಂದು, ಅಂದರೆ ಹದಿನಾರನೇ ತಾರೀಖು ಶನಿವಾರ, ಅರಿಶಿನ ಹಚ್ಚುವ ಹೊತ್ತಿಗೆ ಹುಡುಗಿ ಇರಲಿಲ್ಲ. ಮುಂದಿನದನ್ನು ಮಧ್ಯಾಹ್ನ ಚಂದ್ರಾಮನೇ ನನ್ನ ಬಾಗಿಲಿಗೆ ಬಂದು ಹೇಳಿದ್ದು. ಕಾಯಿಲೆಯ ವಿಷಯವನ್ನು ಇಲ್ಲಿ ಬರೆಸಲು ಅವನೇ ಒಪ್ಪಿದ್ದಾನೆ. ಅದು ಚೌಕಿ ದಾಟಿ ಚಾಳಿಗೆ ಹೋಗಬಾರದು. ನಿನ್ನೆ ಸಂಜೆ ಅನಸೂಯಾ ಅವನನ್ನು ಕೇಳಿದ್ದಳು. ಅವನು ಹೇಳಿದ.

"ಹುಡುಗಿ ಅಳಲಿಲ್ರಿ ಅಕ್ಕಾರ. ಗುಳಿಗಿ ಹೊತ್ತಿಗಿ ಸರಿ ತಗೋತಿಯಿಲ್ಲೊ ಮಾಮಾ ಅಂತ ಕೇಳ್ತು. ಆಮ್ಯಾಲೆ, ನಿನ್ನ ಚಾಕರಿ ಮಾಡ್ತೀನಿ, ಹೆಂಡ್ತಿ ಆಗಂಗಿಲ್ಲ ಅಂತು. ನನಗ ಒಲ್ಲೆ ಅನ್ನೂ ಆ ಒಂದ ಮಾತ ಆಡಾಕ ಮೂರ ವರ್ಷ ಆಗಿದ್ದಿಲ್ರಿ."

ಬೆಳಗಿನ ಗಾಡಿಯಲ್ಲಿ ಅವಳನ್ನು ತಾನೇ ಠಾಣೆಗೆ ಕರೆದುಕೊಂಡು ಹೋಗಿ, ನೆರೂಳ್ ಗಾಡಿಯ ಲೇಡೀಸ್ ಡಬ್ಬಿಯಲ್ಲಿ ಕೂರಿಸಿ, ಗಾಡಿ ಹೊರಟ ಮೇಲೆ ಮನೆಗೆ ಬಂದಿದ್ದಾನೆ. ಬಂದವನು ಅರಿಶಿನ ಹಚ್ಚಿಸಿಕೊಳ್ಳಲು ಮಣೆಯ ಮೇಲೆ ಕುಳಿತಿದ್ದಾನೆ! ಅಕ್ಕ ನನ್ನ ಹೆಸರು ಹಿಡಿದು ಬೀದಿಯಲ್ಲಿ ಕೂಗುವಾಗ ಬಾಯಿ ತೆರೆದಿಲ್ಲ. ಅದಕ್ಕೆ ನಾನು ಬೇಕಾದಷ್ಟು ಬೈದೆ. ಬೈಗುಳ ಬರೆಯುವುದು ಬೇಡವೆಂದು ಹವಾಲ್ದಾರರು ಹೇಳುತ್ತಾರೆ.

ಚೌಕಿಯಿಂದ ನನಗೆ ಕರೆ ಬಂದಾಗ ಅವನನ್ನು ಕರೆದುಕೊಂಡೇ ಬಂದೆ. ಈ ಹೇಳಿಕೆ ಬರೆಯಲು ಶುರು ಮಾಡುವ ಮೊದಲು ನೆರೂಳಿಗೆ ಫೋನು ಹಚ್ಚಿಸಿದರು. ಅನಸೂಯಾ ಮರಾಠಿಯಲ್ಲಿ ಮಾತನಾಡಿದಳು. ತಾನು ವಯಸ್ಕಳು, ತಾನೇ ಬಂದದ್ದು, ಮದುವೆ ಬೇಡ, ಮಾಮಾನ ಮೇಲೆ ಕೇಸು ಬೇಡ, ಸೋಮವಾರ ರಮಾಮಣಿ ಮೇಡಂ ಜೊತೆಗೆ ಬಂದು ಇದನ್ನೇ ಬರೆದುಕೊಡುತ್ತೇನೆ ಎಂದಳಂತೆ. ಚಂದ್ರಾಮ ಎದ್ದು ನಿಂತು, ಈ ಲಗ್ನ ನಾನೂ ಆಗುವುದಿಲ್ಲ, ಹಿರಿಯರಿಗೆ ಇವತ್ತೇ ಹೇಳುತ್ತೇನೆ ಎಂದ. ಹಣೆಯ ಮೇಲೆ ಅರಿಶಿನ ಹಾಗೆಯೇ ಇತ್ತು.

ನನಗೆ ಅಲ್ಲಿಗೆ ಎಲ್ಲ ಮುಗಿಯಿತು ಅನಿಸಿತು. ಹವಾಲ್ದಾರರು ಅಲ್ಲಿಯೇ ಬೆಂಚಿನಲ್ಲಿ ಕುಳಿತಿದ್ದ ಚಂದವ್ವನನ್ನು ಕೇಳಿದರು: ಗೊತ್ತಿದ್ದೂ ಹೆತ್ತ ತಾಯಿ ಹೀಗೆ ಮಾಡುತ್ತಾರೆಯೇ? ಅವಳು ನೆರೂಳಿನ ಹೆಸರು ಕೇಳಿದಾಗಿನಿಂದ ಚೌಕಿಯ ಬಾಗಿಲ ಕಡೆಗೇ ನೋಡುತ್ತಿದ್ದಳು. ಅವಳು ಹೇಳಿದ ಮಾತಿನಲ್ಲಿ ಒಂದನ್ನೂ ಬಿಡಬಾರದೆಂದು ಕೋರಿದ್ದೇನೆ.

"ನೆರೂಳಕ್ಕ ನಾನೂ ಹೋಗಿದ್ದೆ ಸಾಹೇಬ್ರ. ಗಂಡ ಲಾರಿ ಪಲ್ಟಿ ಆಗಿ ಸತ್ತ. ಅತ್ತಿಮನ್ಯಾಗ ನನ್ನ ತಾಟ ಹೊರಗ ಒಗದ್ರು. ಈ ಕೂಸನ್ನ ಬಗಲಾಗ ಇಟ್ಕೊಂಡು ಅಲ್ಲಿ ಬಿಲ್ಡಿಂಗ ಕೆಲಸಕ್ಕ ಬಂದೆ. ಆಗ ಇಂವಾ ಇನ್ನಾ ಊರಾಗ ಇದ್ದ. ಆಳುಗಳ ಮುಕಾದಮ ಪತ್ರಾದ ಶೆಡ್ಡ ಕೊಟ್ಟ, ಅದಕ್ಕ ಕದ ಇದ್ದಿಲ್ರಿ. ಕದ ಬೇಕಂದ್ರ ಅವನ ಮಾತ ಕೇಳಬೇಕಿತ್ತು, ಕೇಳಿದೆ. ನನಗೂ ಐತ್ರಿ ಈ ಬ್ಯಾನಿ. ನಾನೂ ಕಲ್ಯಾಣದ ದವಾಖಾನಿಗೆ ಹೋಗಿ ಗುಳಿಗಿ ತರ್ತೀನಿ."

ಚಂದ್ರಾಮ ಇದನ್ನು ಕೇಳಿದ್ದು ಇದೇ ಮೊದಲು. ಒಂದೇ ಖೋಲಿಯಿಂದ ತಮ್ಮ ಠಾಣೆಯ ಗಾಡಿ ಹಿಡಿಯುತ್ತಿದ್ದ, ಅಕ್ಕ ಕಲ್ಯಾಣದ ಗಾಡಿ ಹಿಡಿಯುತ್ತಿದ್ದಳು. ಅವನು ಗೋಡೆಗೆ ಒರಗಿ ನೆಲದ ಮೇಲೆ ಕುಳಿತುಬಿಟ್ಟ. ಎಲ್ಲವನ್ನೂ ವಿಚಾರಿಸುವ ನಾನು, ದಿನ ಬೆಳಗಾದರೆ ನನ್ನ ಮನೆಯ ಪಾತ್ರೆ ತಿಕ್ಕುವವಳನ್ನು ಇದೊಂದು ಕೇಳಿರಲಿಲ್ಲ. ಚಂದವ್ವ ಮತ್ತೆ ಹೇಳಿದಳು:

"ಬ್ಯಾನಿ ಬಂದ್ರ ಸರಕಾರ ಗುಳಿಗಿ ಕೊಡ್ತೈತ್ರಿ. ಕದ ಯಾರ್ ಕೊಡ್ತಾರ? ನನ್ನ ಮಗಳಿಗೆ ಕದ ಇದ್ದ ಖೋಲಿ ಇರ್ಲಿ ಅಂದೆ. ಅಷ್ಟ."

ನನಗೆ ಕಣ್ಣೀರು ಬಂತು, ಅದನ್ನೂ ಬರೆದುಕೊಳ್ಳಲಿ. ಅವಳನ್ನು ಸಮಾಧಾನ ಮಾಡಬೇಕೆಂದು ನಾನು ಹೇಳಿದೆ:

"ಅಳ್ಬೇಡ ಚಂದವ್ವ. ನನ್ನ ಮನೆಯ ಹಿಂದೆ ಬಟ್ಟೆ ಗಂಟು ಇಡುವ ಸಣ್ಣ ಕೋಣೆ ಉಂಟು. ಒಳಗಿಂದ ಚಿಲಕ ಹಾಕ್ಲಿಕ್ಕೂ ಆಗ್ತದೆ. ನೀನೂ ಅನಸೂಯಾಳೂ ಇರಿ, ಎಷ್ಟು ವರ್ಷ ಬೇಕಾದರೂ ಇರಿ."

ಚಂದವ್ವ ಮುಖ ಒರೆಸಿಕೊಂಡು ನನ್ನನ್ನು ನೋಡಿದಳು.

"ಆ ಖೋಲಿ ಯಾರ ಹೆಸರಿನ್ಯಾಗ ಐತ್ರಿ ಅಕ್ಕಾರ?"

"ನಮ್ಮ ಯಜಮಾನರ ಹೆಸರಲ್ಲಿ."

"ಅವರನ್ನ ಕೇಳೀರೇನ್ರಿ?"

ಇಲ್ಲ, ಸಂಜೆ ಅವರು ಹೋಟೆಲಿನ ಕೆಲಸ ಮುಗಿಸಿ ಬಂದ ಮೇಲೆ ಕೇಳಬೇಕು ಎಂದೆ. ಅವಳು ಕುಳಿತಿದ್ದ ಬೆಂಚಿನಲ್ಲಿ ಸ್ವಲ್ಪ ಆಚೆ ಸರಿದು ನನಗೂ ಜಾಗ ಮಾಡಿದಳು. ನಾನು ಅವಳ ಪಕ್ಕದಲ್ಲಿ ಕುಳಿತೆ.

ಹವಾಲ್ದಾರರು ಇದಿಷ್ಟನ್ನೂ ನನಗೆ ಓದಿ ಹೇಳಿದ್ದಾರೆ. ಎರಡು ಕಡೆ ತಿದ್ದಿಸಿದ್ದೇನೆ. ಉಳಿದದ್ದು ನಾನು ಹೇಳಿದಂತೆಯೇ ಇದೆ, ಸತ್ಯವಾಗಿದೆ, ಯಾರೂ ಹೇಳಿಕೊಟ್ಟದ್ದಲ್ಲ, ಯಾರೂ ಹೆದರಿಸಿ ಹೇಳಿಸಿದ್ದಲ್ಲ.

ಸ್ಥಳ: ಡೊಂಬಿವಲಿ ಪೂರ್ವ
ದಿನಾಂಕ: 16 ಮೇ 2009, ಶನಿವಾರ

(ಸಹಿ) ಜಲಜಾಕ್ಷಿ ಎಸ್. ಶೆಟ್ಟಿ